ಅವಳು ಹೇಳಿದರೆ ನಂಬುವವರು ಯಾರು?

ದ್ವಿತೀಯ ಪಿಯುಸಿಯ ಹುಡುಗಿಯ ಬ್ಯಾಗಿನಲ್ಲಿ ಕಾದಂಬರಿ ಸಿಕ್ಕಿದರೆ ನಮ್ಮಲ್ಲಿ ಎರಡು ಪ್ರಶ್ನೆಗಳು ಬರುತ್ತವೆ. ಮೊದಲನೆಯದು, "ಪರೀಕ್ಷೆಗೆ ಇದು ಉಂಟಾ?" ಎರಡನೆಯದು ಮುಖಪುಟ ನೋಡಿದ ಮೇಲೆ ಬರುವುದು, "ಎಂಥ ಮಾರಾಯ್ತಿ, ಲವ್ ಸ್ಟೋರಿಯಾ?" ಮೊದಲನೆಯದಕ್ಕೆ ಉತ್ತರ ಸುಲಭ. ಇಲ್ಲ. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದ ಇದೆ, ಸಂಪಾದಕ ಮಂಡಳಿಯವರು ಎರಡು ಪುಟ ಕೊಟ್ಟಿದ್ದಾರೆ, ಬರೆಯುತ್ತೇನೆ.

ನಾನು ಹೇಳುತ್ತಿರುವುದು ರೊಮ್ಯಾಂಟಿಕ್ ಸಸ್ಪೆನ್ಸ್ ಎಂಬ ಹೆಸರಿನಲ್ಲಿ ಬರುವ ಕಾದಂಬರಿಗಳ ಬಗ್ಗೆ. ಅವುಗಳಲ್ಲಿ ಒಂದು ಅಪರಾಧ ಇರುತ್ತದೆ, ಒಂದು ಪ್ರೀತಿ ಇರುತ್ತದೆ, ಎರಡೂ ಒಂದೇ ಹಗ್ಗದ ಎರಡು ಎಳೆಗಳ ಹಾಗೆ ಹೆಣೆದುಕೊಂಡಿರುತ್ತವೆ. ಯಾರೋ ಅವಳ ಬೆನ್ನು ಹತ್ತಿದ್ದಾರೆ. ಅವಳಿಗೆ ಒಬ್ಬನ ಮೇಲೆ ಮನಸ್ಸಾಗಿದೆ. ಅವನೇ ಇವನಾಗಿದ್ದರೆ? ಈ ಒಂದು ಸಂಶಯ ಮುನ್ನೂರು ಪುಟ ಓಡಿಸುತ್ತದೆ. ಈಗಿನ ಪುಸ್ತಕಗಳಲ್ಲಿ ಆ ಹುಡುಗಿ ಮೂಲೆಯಲ್ಲಿ ಕೂತು ಕಿರುಚುವವಳಲ್ಲ. ಪೊಲೀಸ್ ಅಧಿಕಾರಿ, ಪೈಲಟ್, ಕಂಪ್ಯೂಟರ್ ತಜ್ಞೆ, ಗುರಿ ತಪ್ಪದ ಬಂದೂಕುಗಾರ್ತಿ, ಹೀಗೆ ಏನಾದರೂ ಆಗಿರುತ್ತಾಳೆ. ಅಮೆರಿಕದ ಸುಝಾನ್ ಬ್ರಾಕ್‌ಮನ್ ಬರೆದ ಸರಣಿಯಲ್ಲಿ ಅಲಿಸಾ ಲಾಕ್ ಎಂಬ ಕಪ್ಪುವರ್ಣದ ಅಧಿಕಾರಿ ಇದ್ದಾಳೆ. ಅವಳ ಗುರಿಯ ಮುಂದೆ ಗಂಡಸರ ಇಡೀ ದಳ ಬಾಯಿ ಮುಚ್ಚಿ ನಿಲ್ಲುತ್ತದೆ.

ಇಂಥ ಪುಸ್ತಕಗಳಲ್ಲಿ ಕೆಲವು ಪುಟಗಳನ್ನು ನಾವು ತಿರುಗಿಸಿ ಮುಂದೆ ಹೋಗಬೇಕಾಗುತ್ತದೆ. ಇದನ್ನು ಮುಚ್ಚಿಡುವುದಿಲ್ಲ. ಆದರೆ ಟಿವಿ ಧಾರಾವಾಹಿ ನೋಡುವಾಗ ರಿಮೋಟ್ ಹುಡುಕುವ ಕೆಲಸ ನಮ್ಮ ಮನೆಗಳಲ್ಲಿ ಎಲ್ಲರಿಗೂ ಅಭ್ಯಾಸ ಇದೆ, ಪುಸ್ತಕದಲ್ಲಿ ಅದು ಇನ್ನೂ ಸುಲಭ. ಬೇಡವೆನಿಸಿದವರಿಗೆ ಇಂಗ್ಲೆಂಡಿನ ಮೇರಿ ಸ್ಟುವರ್ಟ್ ಇದ್ದಾರೆ. 1955ರಿಂದ ಬರೆಯಲು ಶುರು ಮಾಡಿದವರು, ಇಂದಿನ ರೊಮ್ಯಾಂಟಿಕ್ ಸಸ್ಪೆನ್ಸಿಗೆ ದಾರಿ ಮಾಡಿಕೊಟ್ಟವರಲ್ಲಿ ಒಬ್ಬರು. ಅವರ ಪುಸ್ತಕವನ್ನು ಉಮ್ಮನ ಎದುರಿಗೇ ಕೂತು ಓದಬಹುದು.

ನನ್ನ ತಕರಾರು ಬೇರೆ ಕಡೆ ಇದೆ. ನಾಯಕಿ ಗಟ್ಟಿಗಿತ್ತಿ ಎಂದು ತೋರಿಸಲು ಎಲ್ಲರೂ ಅವಳ ಕೈಗೆ ಪಿಸ್ತೂಲು ಕೊಡುತ್ತಾರೆ. ಕರಾಟೆ ಕಲಿಸುತ್ತಾರೆ. ಒಂದು ಕಾಲಿನಲ್ಲಿ ಒಬ್ಬನನ್ನು, ಇನ್ನೊಂದು ಕಾಲಿನಲ್ಲಿ ಇನ್ನೊಬ್ಬನನ್ನು ಬೀಳಿಸುತ್ತಾಳೆ. ಹೀಗೆ ಇನ್ನೂರು ಪುಟ ಹುಲಿಯ ಹಾಗೆ ಇದ್ದವಳನ್ನು ಇನ್ನೂರ ಎಂಬತ್ತನೆಯ ಪುಟದಲ್ಲಿ ಯಾರೋ ಒಬ್ಬ ಕರವಸ್ತ್ರ ಮೂಗಿಗೆ ಹಿಡಿದು ಎತ್ತಿಕೊಂಡು ಹೋಗುತ್ತಾನೆ! ಕರಾಟೆ ಎಲ್ಲಿ ಹೋಯಿತೋ ಅಲ್ಲಾಹನಿಗೇ ಗೊತ್ತು. ನಾಯಕ ಬಂದು ಬಿಡಿಸುವವರೆಗೆ ಅವಳು ಕುರ್ಚಿಗೆ ಕಟ್ಟಿಸಿಕೊಂಡು ಕೂತಿರಬೇಕು. ಹಾಗಾಗಿ ಗಟ್ಟಿಗಿತ್ತಿ ಯಾರು ಎಂದು ನೋಡಲು ನಾನು ಅವಳ ಕೈಯಲ್ಲಿರುವ ಆಯುಧ ನೋಡುವುದನ್ನು ಬಿಟ್ಟಿದ್ದೇನೆ. ಎರಡು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಕಥೆಯಲ್ಲಿ ಅವಳಿಗೆ ನಿಜವನ್ನು ಯಾರಾದರೂ ಹೇಳುತ್ತಾರಾ? ಅವಳು ಹೇಳಿದ ನಿಜವನ್ನು ಯಾರಾದರೂ ನಂಬುತ್ತಾರಾ?

ಈ ಎರಡು ಪ್ರಶ್ನೆ ಹಿಡಿದುಕೊಂಡು ಹೋದರೆ ಹಳೆಯ ಪುಸ್ತಕಗಳೂ ಬೇರೆಯಾಗಿ ಕಾಣುತ್ತವೆ. ಡಾಫ್ನೆ ದು ಮೊರಿಯೆ 1938ರಲ್ಲಿ ಬರೆದ 'ರೆಬೆಕಾ' ಈ ಜಾತಿಯ ಕಾದಂಬರಿಗಳಿಗೆಲ್ಲ ದೊಡ್ಡಮ್ಮನ ಹಾಗೆ. ಅದರಲ್ಲಿ ಕಥೆ ಹೇಳುವ ಹುಡುಗಿಗೆ ಹೆಸರೇ ಇಲ್ಲ. ಸತ್ತುಹೋದ ಮೊದಲ ಹೆಂಡತಿಯ ಹೆಸರು ಪುಸ್ತಕದ ಮೇಲೆ ಇದೆ, ಬದುಕಿರುವವಳ ಹೆಸರು ಎಲ್ಲಿಯೂ ಇಲ್ಲ. ಮೊದಲ ಹೆಂಡತಿ ಹೇಗೆ ಸತ್ತಳು ಎಂಬುದನ್ನು ಗಂಡ ಅವಳಿಗೆ ಹೇಳುವುದೇ ಇಲ್ಲ, ಹೇಳುವಷ್ಟರಲ್ಲಿ ಪುಸ್ತಕ ಮುಕ್ಕಾಲು ಮುಗಿದಿರುತ್ತದೆ. ಅವಳು ಹೆದರುಪುಕ್ಕಲಿ ಎಂದು ಓದುವವರು ಬೈಯುತ್ತಾರೆ. ಏನೂ ತಿಳಿಸದೆ ಅಷ್ಟು ದೊಡ್ಡ ಬಂಗಲೆಯಲ್ಲಿ ಬಿಟ್ಟರೆ ಯಾರಾದರೂ ಹೆದರುತ್ತಾರೆ.

ಮೇರಿ ಸ್ಟುವರ್ಟ್ ಅವರ 'ನೈನ್ ಕೋಚಸ್ ವೇಟಿಂಗ್' 1958ರದ್ದು. ಫ್ರಾನ್ಸಿನ ಬೆಟ್ಟದ ಮೇಲಿನ ಅರಮನೆಯಂಥ ಮನೆಗೆ ಲಿಂಡಾ ಎಂಬ ಅನಾಥ ಹುಡುಗಿ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಪಾಠ ಹೇಳಲು ಬರುತ್ತಾಳೆ. ಆಸ್ತಿಗೆಲ್ಲ ಆ ಹುಡುಗನೇ ವಾರಸುದಾರ. ಮನೆಯವರಿಗೆ ಬೇಕಾಗಿದ್ದದ್ದು ಇಂಗ್ಲಿಷ್ ಮಾತ್ರ ಬರುವ ಟೀಚರ್. ಲಿಂಡಾಗೆ ಫ್ರೆಂಚ್ ಚೆನ್ನಾಗಿಯೇ ಬರುತ್ತದೆ, ಆದರೆ ಕೆಲಸ ಬೇಕಲ್ಲ, ಬರುವುದಿಲ್ಲ ಎಂಬಂತೆ ಇರುತ್ತಾಳೆ. ಇದೇ ಅವಳ ಆಯುಧ. ಮನೆಯಲ್ಲಿ ಯಾರೂ ಅವಳಿಗೆ ಏನೂ ಹೇಳುವುದಿಲ್ಲ, ಆದರೆ ಅವಳ ಕಿವಿಗೆ ಬೀಳುತ್ತದೆ. ಹುಡುಗನನ್ನು ಕೊಲ್ಲುವ ಸಂಚು ನಡೆದಿದೆ ಎಂದು ಗೊತ್ತಾದಾಗ ಅವಳ ಮನಸ್ಸು ಆ ಮನೆಯ ಮಗನ ಮೇಲೆಯೇ ಹೋಗಿಯಾಗಿದೆ. ಅವನೂ ಆ ಸಂಚಿನಲ್ಲಿ ಇದ್ದಾನೆಯೇ? ಕೇಳುವ ಹಾಗಿಲ್ಲ. ಕೇಳಿ, ಅವನು ಸೇರಿದ್ದರೆ, ಹುಡುಗ ಉಳಿಯುವುದಿಲ್ಲ. ಅವಳು ಅವನಿಗೆ ಒಂದು ಮಾತೂ ಹೇಳದೆ ರಾತ್ರಿ ಹುಡುಗನ ಕೈ ಹಿಡಿದುಕೊಂಡು ಕಾಡಿಗೆ ಇಳಿಯುತ್ತಾಳೆ. ಬಂದೂಕಿಲ್ಲ, ಕರಾಟೆಯಿಲ್ಲ. ತನಗೆ ಬೇಕಾದವನನ್ನು ಕಳೆದುಕೊಂಡರೂ ಸರಿ, ಮಗು ಉಳಿಯಬೇಕು ಎಂದು ಲೆಕ್ಕ ಹಾಕುವ ತಲೆ ಇದೆ. ಇದಕ್ಕಿಂತ ಗಟ್ಟಿ ಹುಡುಗಿಯನ್ನು ನಾನು ಈ ಪುಸ್ತಕಗಳಲ್ಲಿ ಇನ್ನೂ ಕಂಡಿಲ್ಲ.

ನಮಗೆ ಇನ್ನೂ ಹತ್ತಿರವಾದವಳು ನೋರಾ ರಾಬರ್ಟ್ಸ್ ಅವರ 'ದಿ ವಿಟ್ನೆಸ್' ಕಾದಂಬರಿಯ ಎಲಿಜಬೆತ್. ಇದು 2012ರದ್ದು. ಹತ್ತಿರ ಏಕೆಂದರೆ ಕಥೆ ಶುರುವಾಗುವಾಗ ಅವಳಿಗೆ ಹದಿನಾರು ವರ್ಷ, ಮತ್ತು ಅವಳ ತಾಯಿ ದೊಡ್ಡ ಡಾಕ್ಟರು. ಮಗಳು ಏನು ತಿನ್ನಬೇಕು, ಏನು ತೊಡಬೇಕು, ಯಾವಾಗ ಮಲಗಬೇಕು, ಯಾವ ಕಾಲೇಜಿನಲ್ಲಿ ಮೆಡಿಕಲ್ ಓದಬೇಕು, ಎಲ್ಲ ತಾಯಿಯ ಟೈಮ್‌ಟೇಬಲ್ಲಿನಲ್ಲಿ ಬರೆದು ಮುಗಿದಿದೆ. (ನೀಟ್ ಕೋಚಿಂಗಿಗೆ ಹೋಗುವವರು ಇಲ್ಲಿ ಒಂದು ನಿಟ್ಟುಸಿರು ಬಿಡಬಹುದು.) ಒಂದೇ ಒಂದು ರಾತ್ರಿ ಅವಳು ಹೇಳದೆ ಹೊರಗೆ ಹೋಗುತ್ತಾಳೆ. ಆ ರಾತ್ರಿಯೇ ರಷ್ಯದ ಮಾಫಿಯಾದವರು ಮಾಡಿದ ಕೊಲೆ ಅವಳ ಕಣ್ಣೆದುರಿಗೆ ನಡೆಯುತ್ತದೆ. ಅವಳು ಸಾಕ್ಷಿ ಹೇಳಲು ಒಪ್ಪುತ್ತಾಳೆ. ಆದರೆ ಅವಳನ್ನು ಕಾಯುವವರಲ್ಲೇ ಲಂಚ ತಿಂದವರು ಇದ್ದಾರೆ. ಅವಳು ಓಡುತ್ತಾಳೆ. ಹನ್ನೆರಡು ವರ್ಷ ಕಳೆದು ಬೇರೆ ಹೆಸರಿನಲ್ಲಿ, ಒಂದು ಚಿಕ್ಕ ಊರಿನ ಹೊರಗೆ, ನಾಯಿ ಕಟ್ಟಿಕೊಂಡು, ಬೇಲಿಗೆ ಕ್ಯಾಮೆರಾ ಹಾಕಿಕೊಂಡು, ಕಂಪ್ಯೂಟರ್ ಭದ್ರತೆಯ ಕೆಲಸ ಮಾಡುತ್ತಾ ಬದುಕಿರುತ್ತಾಳೆ. ಬಂದೂಕು ಇದೆ, ಚಲಾಯಿಸಲೂ ಬರುತ್ತದೆ. ಆದರೂ ಅವಳು ಗೆದ್ದಿಲ್ಲ. ಯಾರಿಗೂ ಏನೂ ಹೇಳಲಾಗದ ಬದುಕು ಅದು.

ಅಲ್ಲಿಗೆ ಆ ಊರಿನ ಪೊಲೀಸ್ ಮುಖ್ಯಸ್ಥ ಬರುತ್ತಾನೆ. ಪ್ರೀತಿ ಆಗುತ್ತದೆ, ಆಗದಿದ್ದರೆ ಪುಸ್ತಕ ಮಾರಾಟವಾಗುವುದಿಲ್ಲ. ನನಗೆ ಮುಖ್ಯವಾದದ್ದು ಅವಳು ಕೊನೆಗೊಮ್ಮೆ ಎಲ್ಲವನ್ನೂ ಹೇಳುವ ಭಾಗ. ಅವನು ಕೇಳುತ್ತಾನೆ, ನಂಬುತ್ತಾನೆ. "ನೀನು ಒಳಗೆ ಇರು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಎಂದು ಬಾಗಿಲು ಹಾಕಿಕೊಂಡು ಹೋಗುವುದಿಲ್ಲ. ಯೋಜನೆ ಅವಳದ್ದು, ಕಂಪ್ಯೂಟರಿನ ಕೆಲಸ ಅವಳದ್ದು, ಸಾಕ್ಷಿಯೂ ಅವಳದ್ದೇ. ಅವನು ಪಕ್ಕದಲ್ಲಿ ಇರುತ್ತಾನೆ. ಹೇಗೆ ಮುಗಿಯುತ್ತದೆ ಎಂದು ಹೇಳುವುದಿಲ್ಲ, ಓದುವವರು ಇದ್ದಾರೆ.

ಇಷ್ಟೊಂದು ದೂರದ ಅಮೆರಿಕದ ಕಥೆ ನಮಗೆ ಯಾಕೆ ತಟ್ಟಬೇಕು ಎಂದು ಕೇಳಬಹುದು. ಬಸ್ಸಿಗಾಗಿ.

ಉಡುಪಿಯಲ್ಲಿ ಬಸ್ಸೆಂದರೆ ಖಾಸಗಿ ಬಸ್ಸು. 2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸು ಉಚಿತವಾಯಿತು, ಬನ್ನಂಜೆಯಲ್ಲಿ ಕೆಎಸ್‌ಆರ್‌ಟಿಸಿ ನಿಲ್ದಾಣವೂ ಇದೆ. ಆದರೂ ಕಾಪು, ಕಟಪಾಡಿ, ಕಾರ್ಕಳ ಕಡೆಯಿಂದ ಬರುವ ನಮ್ಮಲ್ಲಿ ಹೆಚ್ಚಿನವರು ಪಾಸ್ ಮಾಡಿಸಿಕೊಂಡು ಸರ್ವಿಸ್ ಬಸ್ಸಿನಲ್ಲಿ ನಿಂತೇ ಬರುವವರು. ಬೆಳಗ್ಗೆ ಎಂಟರ ಬಸ್ಸಿನಲ್ಲಿ ಒಂದು ಕಾಲು ಊರಲು ಜಾಗ ಸಿಕ್ಕಿದರೆ ಅದೇ ಭಾಗ್ಯ. ಆ ನೂಕುನುಗ್ಗಲಿನಲ್ಲಿ ನಡೆಯುವುದು ಏನೆಂದು ಹುಡುಗಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಗೊತ್ತಿರುವ ಒಬ್ಬಳು ಇದ್ದಾಳೆ. ಹೆಸರು ಬೇಡ, ಊರು ಬೇಡ, ಯಾವ ಕಾಲೇಜು ಎಂದೂ ಬೇಡ. ಒಬ್ಬ ದಿನವೂ ಅವಳ ಹಿಂದೆಯೇ ಬಂದು ನಿಲ್ಲುತ್ತಿದ್ದ. ಒಂದು ದಿನ ಅವಳ ಜೊತೆಯೇ ಇಳಿದು ಮನೆಯ ಓಣಿಯ ತನಕ ಬಂದ. ಎರಡು ವಾರ ಅವಳು ಬಸ್ಸು ಬದಲಿಸಿದಳು, ಸಮಯ ಬದಲಿಸಿದಳು, ಎರಡು ಸ್ಟಾಪ್ ಮೊದಲೇ ಇಳಿದು ಗದ್ದೆಯ ಬದಿಯಿಂದ ನಡೆದಳು. ಮೂರನೆಯ ವಾರ ಮನೆಯಲ್ಲಿ ಹೇಳಿದಳು. ಮನೆಯವರು ಕೆಟ್ಟವರಲ್ಲ, ಮಗಳೆಂದರೆ ಪ್ರಾಣ. ಪ್ರಾಣ ಆದ್ದರಿಂದಲೇ ಹೆದರಿಕೆಯಾಯಿತು. ಒಂದು ತಿಂಗಳಿನೊಳಗೆ ಅವಳ ಕಾಲೇಜು ನಿಂತಿತು. ಅವನು ಅದೇ ಬಸ್ಸಿನಲ್ಲಿ ಈಗಲೂ ಹೋಗುತ್ತಿರಬಹುದು. ಅವನನ್ನು ಯಾರೂ ಮನೆಯಲ್ಲಿ ಕೂರಿಸಲಿಲ್ಲ.

ಇದನ್ನು ಕೇಳಿದ ಉಳಿದ ಹುಡುಗಿಯರು ಕಲಿತದ್ದು ಒಂದೇ: ಮನೆಯಲ್ಲಿ ಹೇಳಬಾರದು. 112ಕ್ಕೆ ಫೋನ್ ಮಾಡಬಹುದು ಎಂದು ನಮಗೆಲ್ಲ ಗೊತ್ತು, ಕಾರ್ಯಕ್ರಮಗಳಲ್ಲಿ ಬಂದು ಹೇಳಿಯೂ ಹೋಗುತ್ತಾರೆ. ಫೋನ್ ಮಾಡಿದರೆ ಮನೆಗೆ ಗೊತ್ತಾಗುತ್ತದಲ್ಲ. ಹಾಗಾಗಿ ನಾವು ಎಲಿಜಬೆತ್ ಹಾಗೆ ಬದುಕುತ್ತೇವೆ. ಯಾವ ಬಸ್ಸಿನಲ್ಲಿ ಯಾವ ಕಂಡಕ್ಟರ್ ಒಳ್ಳೆಯವನು, ಯಾವ ಸೀಟಿನ ಬಳಿ ನಿಲ್ಲಬೇಕು, ಬ್ಯಾಗನ್ನು ಯಾವ ಕಡೆಗೆ ಹಿಡಿಯಬೇಕು, ಸೇಫ್ಟಿ ಪಿನ್ ಯಾವ ಬೆರಳಿನಲ್ಲಿ ಇರಬೇಕು, ಎಲ್ಲ ಲೆಕ್ಕ ತಲೆಯಲ್ಲಿ ಇರುತ್ತದೆ. ನಮ್ಮಲ್ಲಿ ಧೈರ್ಯಕ್ಕೂ ಜಾಣತನಕ್ಕೂ ಕೊರತೆ ಇಲ್ಲ. ಹುಡುಗಿಯರಿಗೆ ಕರಾಟೆ ಕಲಿಸಿ ಎನ್ನುವವರಿಗೆ ನಾನು ಹೇಳುವುದು, ಕಲಿಸಿ, ಒಳ್ಳೆಯದೇ. ಅದರ ಜೊತೆಗೆ ಅವಳು ಹೇಳಿದ ಮೇಲೆ ಅವಳ ಓದು ನಿಲ್ಲುವುದಿಲ್ಲ ಎಂದು ಮನೆಯಲ್ಲಿ ಒಂದು ಮಾತು ಕೊಡಿಸಿ.

ಈ ಕಾದಂಬರಿಗಳು ನನಗೆ ಇಷ್ಟವಾಗಲು ಕಾರಣ ಇದೇ. ಅಪಾಯ ಬಂದಿದೆ ಎಂದು ಅವುಗಳಲ್ಲಿ ನಾಯಕಿಯನ್ನು ಒಳಗೆ ಕೂರಿಸುವುದಿಲ್ಲ. ಕೂರಿಸಿದರೆ ಕಥೆಯೇ ಮುಂದೆ ಹೋಗುವುದಿಲ್ಲ, ಪಾಪ, ಲೇಖಕಿಗೂ ಬೇರೆ ದಾರಿ ಇಲ್ಲ.

ಕನ್ನಡದಲ್ಲಿ ಇಂಥದ್ದು ಇಲ್ಲವೇ ಎಂದು ಹುಡುಕಿದೆ. ಪತ್ತೇದಾರಿ ಕಾದಂಬರಿ ಬೇಕಾದಷ್ಟಿವೆ. ಎನ್. ನರಸಿಂಹಯ್ಯ ಎಂಬವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು, ಅವರ ಪತ್ತೇದಾರ ಪುರುಷೋತ್ತಮನನ್ನು ಓದಲೆಂದೇ ಜನ ಕನ್ನಡ ಅಕ್ಷರ ಕಲಿತರು ಎಂದು ಹಿರಿಯರು ಹೇಳುತ್ತಾರೆ. ಮ. ರಾಮಮೂರ್ತಿ ಇನ್ನೊಬ್ಬರು. ಹಳದಿ ಕೆಂಪಿನ ನಮ್ಮ ಕನ್ನಡ ಬಾವುಟ ಮಾಡಿದವರು ಅವರೇ ಎಂದು ರಾಜ್ಯೋತ್ಸವದ ಭಾಷಣದಲ್ಲಿ ಹೇಳುತ್ತಾರೆ, ಪತ್ತೇದಾರಿ ಬರೆದದ್ದನ್ನು ಯಾಕೋ ಹೇಳುವುದಿಲ್ಲ. 'ಬಂಗಾರದ ಮನುಷ್ಯ' ಸಿನಿಮಾದ ಕಥೆಗಾರ ಟಿ.ಕೆ. ರಾಮರಾವ್ ಕೂಡ ಸಸ್ಪೆನ್ಸ್ ಬರೆದವರೇ. ನನ್ನ ಕೈಗೆ ಸಿಕ್ಕಿದ ಪತ್ತೇದಾರಿಗಳಲ್ಲಿ ಹುಡುಗಿಗೆ ಮೂರೇ ಕೆಲಸ. ಸಾಯುವುದು, ಅಪಹರಣವಾಗುವುದು, ಇಲ್ಲವೇ ಖಳನ ಪಕ್ಕದಲ್ಲಿ ನಿಂತು ನಗುವುದು. ಇನ್ನೊಂದು ಕಡೆ ಹೆಂಗಸರೇ ಬರೆದ ಕಾದಂಬರಿಗಳ ರಾಶಿ ಇದೆ. ನಮ್ಮ ಮಣಿಪಾಲದಿಂದಲೇ ಹೊರಡುವ 'ತರಂಗ'ದಲ್ಲಿ, ಬೆಂಗಳೂರಿನ 'ಸುಧಾ'ದಲ್ಲಿ ವಾರವಾರ ಬಂದ ಧಾರಾವಾಹಿಗಳಿಗೆ ನಮ್ಮ ತಾಯಂದಿರು ಕಾದು ಕೂತಿದ್ದರು. ಅವುಗಳಲ್ಲಿ ಮನೆ ಇದೆ, ಪ್ರೀತಿ ಇದೆ, ಕಣ್ಣೀರು ಇದೆ. ಪತ್ತೆ ಮಾಡಬೇಕಾದ ಅಪರಾಧ ಕಡಿಮೆ. ಅಂದರೆ ಅಪರಾಧ ಒಂದು ಕಪಾಟಿನಲ್ಲಿ, ಪ್ರೀತಿ ಇನ್ನೊಂದು ಕಪಾಟಿನಲ್ಲಿ.

ಆ ಎರಡನೆಯ ಕಪಾಟಿನಲ್ಲೂ ಗಟ್ಟಿಗಿತ್ತಿಯರು ಇದ್ದಾರೆ ಎಂಬುದನ್ನು ಒಪ್ಪಬೇಕು. ತ್ರಿವೇಣಿಯವರ 'ಬೆಳ್ಳಿಮೋಡ'ದ ಇಂದಿರಾ ಅಂಥವಳು. ಆಸ್ತಿ ಸಿಗುವುದಿಲ್ಲ ಎಂದು ಗೊತ್ತಾದಾಗ ಬಿಟ್ಟುಹೋದವನು ಕೊನೆಗೆ ಮನಸ್ಸು ಬದಲಿಸಿ ಬಂದು ಕೇಳುತ್ತಾನೆ. ಅವಳು ಬೇಡ ಎನ್ನುತ್ತಾಳೆ. ಆ ಬೇಡ ಎನ್ನುವ ಮಾತಿಗೆ ಎಷ್ಟು ಧೈರ್ಯ ಬೇಕು ಎಂದು ನಮ್ಮ ಮನೆಗಳಲ್ಲಿ ನಿಶ್ಚಯದ ಮಾತು ನಡೆಯುವಾಗ ಕೂತು ಕೇಳಿದವರಿಗೆ ಗೊತ್ತು.

ಸಿನಿಮಾದಲ್ಲಿ ಇನ್ನೊಂದು ವಿಚಿತ್ರ. 1968ರ 'ಜೇಡರ ಬಲೆ'ಯಲ್ಲಿ ಡಾ. ರಾಜ್‌ಕುಮಾರ್ ಸಿಐಡಿ 999 ಆಗಿ ಬಂದರು. ಅವರು ಹೊಡೆದಾಡುತ್ತಾರೆ, ಹಾಡುತ್ತಾರೆ, ಪ್ರೀತಿಯನ್ನೂ ಮಾಡುತ್ತಾರೆ. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಆಮೇಲೆ ಮಾಲಾಶ್ರೀ ಬಂದರು. ಪೊಲೀಸ್ ಡ್ರೆಸ್ ಹಾಕಿ, ಲಾಠಿ ಹಿಡಿದು, ಹತ್ತು ಜನರನ್ನು ಒಟ್ಟಿಗೆ ಬೀಳಿಸಿದರು. ಚಿತ್ರಮಂದಿರದಲ್ಲಿ ಹೆಂಗಸರು ಸೀಟಿ ಹೊಡೆದ ಕಥೆ ನನ್ನ ಮನೆಯಲ್ಲೇ ಇದೆ, ಯಾರೆಂದು ಹೇಳುವುದಿಲ್ಲ. ಆದರೆ ಹೆಂಗಸು ಲಾಠಿ ಹಿಡಿದ ಕೂಡಲೇ ಪ್ರೀತಿ ಕಥೆಯ ಬದಿಗೆ ಸರಿಯುತ್ತದೆ. ಅವಳಿಗೆ ಉಳಿಯುವುದು ಸೇಡು ಮತ್ತು ಕರ್ತವ್ಯ. ಗಂಡಿಗೆ ಎರಡೂ ಉಂಟು, ಹೆಣ್ಣಿಗೆ ಒಂದನ್ನು ಆರಿಸಿಕೋ ಎನ್ನುತ್ತಾರೆ. ರೊಮ್ಯಾಂಟಿಕ್ ಸಸ್ಪೆನ್ಸ್ ಬರೆಯುವವರು ಈ ಒಂದು ಕಟ್ಟನ್ನು ಮುರಿದಿದ್ದಾರೆ. ಗಟ್ಟಿಯಾಗಿದ್ದವಳನ್ನು ಯಾರೂ ಮೆಚ್ಚುವುದಿಲ್ಲ ಎಂದು ನಮ್ಮ ಕಿವಿಗೆ ಎಷ್ಟು ಸಲ ಬಿದ್ದಿದೆ ನೆನಪಿಸಿಕೊಳ್ಳಿ. ಜೋರು ಮಾತಾಡಬೇಡ, ನಾಳೆ ಬೇರೆ ಮನೆಗೆ ಹೋಗುವವಳು ಎನ್ನುತ್ತಾರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಬೇರೆ ಯಾವ ಬಗೆಯ ಪುಸ್ತಕದಲ್ಲೂ ಓದಿಲ್ಲ.

ಉರ್ದು ಮನೆಮಾತಿನ ಹಿರಿಯರು ಇದ್ದ ಮನೆಗಳಲ್ಲಿ ಇಬ್ನೆ ಸಫಿಯ ಇಮ್ರಾನ್ ಸರಣಿ ಓದಿದವರು ಸಿಗಬಹುದು. 1955ರಲ್ಲಿ ಶುರುವಾದ ಸರಣಿ ಅದು. ಅದರಲ್ಲಿ ಜೂಲಿಯಾ ಎಂಬವಳು ಗುಪ್ತದಳದಲ್ಲಿ ಕೆಲಸ ಮಾಡುತ್ತಾಳೆ, ಕೆಲಸದಲ್ಲಿ ಯಾರಿಗೂ ಕಡಿಮೆಯಿಲ್ಲ. ಇಮ್ರಾನನ ಮೇಲೆ ಅವಳಿಗೆ ಮನಸ್ಸಿದೆ. ಅವನು ಪೆದ್ದನ ಹಾಗೆ ನಟಿಸಿ ನಗಿಸಿ ಜಾರಿಕೊಳ್ಳುತ್ತಾನೆ. ದಳದ ಕಾಣದ ಮುಖ್ಯಸ್ಥನ ದನಿ ಫೋನಿನಲ್ಲಿ ಬಂದರೆ ಅವಳು ನಡುಗಿ ಎದ್ದು ನಿಲ್ಲುತ್ತಾಳೆ. ಆ ಮುಖ್ಯಸ್ಥ ಇಮ್ರಾನನೇ! ಓದುಗನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ತುಂಬ ತಮಾಷೆಯ ಪುಸ್ತಕಗಳು, ಸುಳ್ಳಲ್ಲ. ಆದರೂ ನನ್ನ ಮೊದಲನೆಯ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕುವುದಿಲ್ಲ. ಅವಳಿಗೆ ನಿಜ ಹೇಳಿದವರು ಯಾರೂ ಇಲ್ಲ.

ನಮ್ಮದೇ ಬದುಕಿನ ಬಗ್ಗೆ ಕನ್ನಡದಲ್ಲಿ ಬರೆದವರು ಸಾರಾ ಅಬೂಬಕ್ಕರ್. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ, ಅಲ್ಲಿನ ಕನ್ನಡ ಶಾಲೆಯಲ್ಲಿ ಓದಿ, 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳನ್ನು ಅವಳ ತಂದೆಯೂ ಕೇಳಲಿಲ್ಲ, ಯಾರೂ ಕೇಳಲಿಲ್ಲ. ಅವಳ ಕಥೆ ನೀರಿನಲ್ಲಿ ಮುಗಿಯಿತು. ಆ ಪುಸ್ತಕದ ಬಗ್ಗೆ ನಮ್ಮ ಸಮುದಾಯದಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಆ ಚರ್ಚೆ ನನಗೆ ದೊಡ್ಡದು. ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. ಎಷ್ಟು ಜನ ಓದಿದೆವು ಎಂದು ಕೇಳಬೇಡಿ. ಇಬ್ಬರೂ ಬರೆದದ್ದು ನೋವಿನ ನಿಜ, ಅದು ಬರೆಯಲೇಬೇಕಾಗಿತ್ತು. ಆದರೆ ಹದಿನೇಳು ವರ್ಷದ ಓದುಗಳಿಗೆ ತನ್ನ ಹಾಗೆ ಹೆಸರಿರುವ ಹುಡುಗಿ ಸಾಯದೆ, ಅಳದೆ, ಒಂದು ರಾತ್ರಿಯಲ್ಲಿ ಒಂದು ಗುಟ್ಟು ಬಿಡಿಸಿ, ಬೆಳಗಾಗುವಾಗ ಚಹಾ ಕುಡಿಯುವ ಕಥೆಯೂ ಬೇಕು.

2022ರ ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬಂದ ಆ ಕಾಲದಲ್ಲಿ ನಾನು ಚಿಕ್ಕ ಕ್ಲಾಸಿನಲ್ಲಿದ್ದೆ. ಉಡುಪಿಯ ಹುಡುಗಿಯರ ಬಗ್ಗೆ ದೆಹಲಿಯ ಚಾನೆಲ್ಲಿನಲ್ಲಿ ಕೂತವರೆಲ್ಲ ಮಾತಾಡಿದರು. ನಮ್ಮನ್ನು ಕೆಲವರು ಅಯ್ಯೋ ಪಾಪ ಎಂದರು, ಕೆಲವರು ಬೈದರು. ಹುಡುಗಿಯರು ಏನು ಹೇಳಿದರು ಎಂದು ಕೂತು ಕೇಳಿದವರು ಬಹಳ ಕಡಿಮೆ. ಅಂದಿನಿಂದ ನಮ್ಮ ಊರಿನ ಹೆಸರು ಹೇಳಿದರೆ ಹೊರಗಿನವರಿಗೆ ಆ ಒಂದೇ ವಿಷಯ ನೆನಪಾಗುತ್ತದೆ. ಬುರ್ಖಾ ಹಾಕಿದವಳು ಕಥೆಯಲ್ಲಿ ಬಂದರೆ ಅವಳು ಒಂದು ಸಮಸ್ಯೆಯಾಗಿಯೇ ಬರಬೇಕು. ಅವಳು ಬಸ್ಸು ತಪ್ಪಿಸಿಕೊಂಡದ್ದು, ಕೆಮಿಸ್ಟ್ರಿಯಲ್ಲಿ ಮಾರ್ಕು ತೆಗೆದದ್ದು, ಕಳ್ಳನನ್ನು ಹಿಡಿದದ್ದು ಯಾವುದೂ ಕಥೆಗೆ ಬೇಕಾಗುವುದಿಲ್ಲ.

ಗಟ್ಟಿಗಿತ್ತಿ ನಾಯಕಿ ಹೊರಗಿನಿಂದ ಬಂದ ಫ್ಯಾಶನ್ ಎನ್ನುವವರೂ ಇದ್ದಾರೆ. ಪ್ರೈಮರಿ ಶಾಲೆಯ ಛದ್ಮವೇಷದಲ್ಲಿ ನಾನು ಒನಕೆ ಓಬವ್ವ ಆಗಿದ್ದೆ. ಕಿಂಡಿಯಲ್ಲಿ ನುಸುಳಿದವರು ಹೈದರಾಲಿಯ ಸೈನಿಕರು ತಾನೇ ಎಂದು ಯಾರೋ ನಗಾಡಿದರು. ಇರಲಿ, ಕೋಟೆ ಕಾಯುವವಳು ಬರುವವರ ಹೆಸರು ಕೇಳಿಕೊಂಡು ಹೊಡೆಯುತ್ತಾಳಾ? ಅವಳ ಕಥೆಯಲ್ಲಿ ನನಗೆ ವಿಚಿತ್ರವಾಗಿ ಕಾಣುವುದು ಬೇರೆ. ಗಂಡ ಊಟಕ್ಕೆ ಕೂತಿದ್ದಾನೆ, ಅವಳು ನೀರು ತರಲು ಹೋಗಿ ಶತ್ರುವನ್ನು ಕಂಡಳು, ಅವನ ಊಟಕ್ಕೆ ತೊಂದರೆಯಾಗಬಾರದು ಎಂದು ತಾನೇ ಒನಕೆ ಹಿಡಿದಳು. ಇತ್ತ ನಮ್ಮ ಚರಿತ್ರೆಯಲ್ಲಿ ಹಜ್ರತ್ ನುಸೈಬಾ ಬಿಂತ್ ಕಅಬ್ (ರ.ಅ.) ಇದ್ದಾರೆ. 625ರಲ್ಲಿ ಉಹುದ್ ಯುದ್ಧಕ್ಕೆ ಅವರು ಹೊರಟದ್ದು ಗಾಯಗೊಂಡವರಿಗೆ ನೀರು ಕೊಡಲು. ಸೈನ್ಯ ಚದುರಿದಾಗ ನೀರಿನ ಚೀಲ ಇಟ್ಟು ಕತ್ತಿ ಹಿಡಿದು ಪ್ರವಾದಿಯವರಿಗೆ (ಸ) ಅಡ್ಡ ನಿಂತು ಗಾಯ ತಿಂದರು. ಇಬ್ಬರೂ ನೀರಿಗೆಂದು ಹೊರಟವರೇ. ನುಸೈಬಾ ಅವರ ಗಂಡನೂ ಮಕ್ಕಳೂ ಅದೇ ಯುದ್ಧದಲ್ಲಿ ಅವರ ಪಕ್ಕದಲ್ಲೇ ಇದ್ದರು. ಒಳಗೆ ಹೋಗು ಎಂದು ಅವರಿಗೆ ಯಾರೂ ಹೇಳಲಿಲ್ಲ.

ಇನ್ನು ಉಳ್ಳಾಲದ ಅಬ್ಬಕ್ಕ. ಅವಳ ಕಥೆಗೆ ರೊಮ್ಯಾಂಟಿಕ್ ಸಸ್ಪೆನ್ಸಿನ ಎಲ್ಲ ಲಕ್ಷಣ ಇದೆ, ಯಾರೂ ಹಾಗೆ ಓದಿಲ್ಲ ಅಷ್ಟೆ. ಬಂಗಾಡಿಯ ಅರಸನಿಗೆ ಮದುವೆ ಮಾಡಿಕೊಟ್ಟರು. ಸರಿಹೋಗಲಿಲ್ಲ. ಅವಳು ಅವನು ಕೊಟ್ಟ ಒಡವೆ ಹಿಂದೆ ಕಳಿಸಿ ಉಳ್ಳಾಲಕ್ಕೆ ಬಂದಳು, ಅವನು ಹೋಗಿ ಪೋರ್ಚುಗೀಸರ ಜೊತೆ ಸೇರಿಕೊಂಡ ಎನ್ನುತ್ತಾರೆ. ಕಾಯಬೇಕಾದವನೇ ಶತ್ರುವಿನ ಕಡೆ. 1568ರಲ್ಲಿ ಪೋರ್ಚುಗೀಸರು ಅರಮನೆಗೆ ನುಗ್ಗಿದಾಗ ಅವಳು ತಪ್ಪಿಸಿಕೊಂಡು ಒಂದು ಮಸೀದಿಯಲ್ಲಿ ಆಶ್ರಯ ಪಡೆದಳು, ಅದೇ ರಾತ್ರಿ ಜನ ಕೂಡಿಸಿ ತಿರುಗಿ ಬಿದ್ದಳು ಎಂಬುದು ಕರಾವಳಿಯಲ್ಲಿ ಎಲ್ಲರೂ ಹೇಳುವ ಕಥೆ. ಜೈನ ರಾಣಿ, ಮಸೀದಿಯ ಕತ್ತಲು, ಹೊರಗೆ ಸಮುದ್ರದ ಸದ್ದು, ಒಳಗೆ ಅವಳ ಮಾತು ನಂಬಿ ಬಾಗಿಲು ತೆರೆದವರು. ಆ ಬಾಗಿಲು ತೆರೆದವರ ಬಗ್ಗೆ ಒಂದು ಕಾದಂಬರಿ ಬರೆಯಬಹುದು.

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಈ ಜಾತಿಯ ಕಾದಂಬರಿಗೆ ಬೇಕಾದ ಜಾಗಗಳು ಎಲ್ಲ ನಮ್ಮ ಸುತ್ತ ಇವೆ. ಕಾಪುವಿನ ಬಂಡೆಯ ಮೇಲೆ 1901ರಿಂದ ದೀಪಸ್ತಂಭ ಇದೆ. ಮಲ್ಪೆಯಲ್ಲಿ ಮಳೆಗಾಲದ ಎರಡು ತಿಂಗಳು ದಕ್ಕೆಯಲ್ಲಿ ಸಾಲಾಗಿ ಕಟ್ಟಿದ ಖಾಲಿ ಬೋಟುಗಳಿವೆ. ಮಣಿಪಾಲದಲ್ಲಿ ರಾತ್ರಿ ಹನ್ನೆರಡಕ್ಕೂ ದೀಪ ಆರದ ಹಾಸ್ಟೆಲುಗಳಿವೆ. ಕಾರ್ಕಳದಲ್ಲಿ 1432ರಿಂದ ಎಲ್ಲವನ್ನೂ ನೋಡುತ್ತಾ ಒಂದು ಮಾತೂ ಹೇಳದೆ ನಿಂತಿರುವ ಗೊಮ್ಮಟ ಇದ್ದಾನೆ. ಗಲ್ಫಿನಿಂದ ವರ್ಷಕ್ಕೊಮ್ಮೆ ಬರುವ ಉಪ್ಪ, ಬೀಗ ಹಾಕಿದ ದೊಡ್ಡ ಮನೆಗಳು, ಜುಲೈಯ ಕರೆಂಟಿಲ್ಲದ ರಾತ್ರಿ, ಎಲ್ಲ ಸಿದ್ಧವಾಗಿದೆ. ಬರೆಯುವವರು ಬೇಕು. ಮುಂದಿನ ಸಂಚಿಕೆಗೆ ಕಥೆ ಕೊಡಲು ಇನ್ನೂ ಸಮಯ ಇದೆ, ಸಂಪಾದಕರು ಹುಡುಗರ ಕ್ರಿಕೆಟ್ ವರದಿಗೆ ಎರಡು ಪುಟ ಕೊಡುತ್ತಾರೆ, ಕಥೆಗೂ ಕೊಟ್ಟಾರು.

ಬರೆಯುವವಳಿಗೆ ನನ್ನದೊಂದು ಬೇಡಿಕೆ ಇದೆ. ನಿನ್ನ ನಾಯಕಿಗೆ ಪಿಸ್ತೂಲು ಕೊಡು, ಕೊಡದಿರು, ನಿನ್ನ ಇಷ್ಟ. ನಾಯಕ ಎಷ್ಟು ಚಂದದವನಾದರೂ ನನಗೆ ಅಡ್ಡಿಯಿಲ್ಲ. ಮೊದಲನೆಯ ಅಧ್ಯಾಯದಲ್ಲಿ ಅವಳು ಬಸ್ಸಿಳಿದು ಮನೆಗೆ ಬರಲಿ. ಅಡುಗೆಮನೆಯಲ್ಲಿ ಉಮ್ಮ ಮೀನಿಗೆ ಮಸಾಲೆ ಅರೆಯುತ್ತಿರಲಿ. "ಉಮ್ಮ, ಒಬ್ಬ ಮೂರು ದಿನದಿಂದ ನನ್ನ ಹಿಂದೆ ಬರುತ್ತಿದ್ದಾನೆ" ಎಂದು ಅವಳು ಹೇಳಲಿ. ಉಮ್ಮ ಮಿಕ್ಸಿ ನಿಲ್ಲಿಸಲಿ. ಬೈಯದೆ, ಅಳದೆ, ನಾಳೆಯಿಂದ ಹೋಗುವುದು ಬೇಡ ಎನ್ನದೆ, ಕೈ ಒರೆಸಿಕೊಂಡು ಹತ್ತಿರ ಬಂದು ಕೇಳಲಿ: "ಯಾವ ಬಸ್ಸು? ನಂಬರ್ ನೋಡಿದ್ದೀಯಾ?"